ಹೆಸರು ಮತ್ತು ಮನೆಮಾತು: ಒಂದು ಅನುಮಾನದ ಪರೀಕ್ಷೆ

ವ್ಯಕ್ತಿಯ ಹೆಸರನ್ನು ಕಂಡೊಡನೆ ಆತನ ನಾಡು, ಕುಲ, ಮನೆಮಾತುಗಳನ್ನು ಊಹಿಸುವುದು ಲೋಕರೂಢಿ. ಮುಖ ಕಾಣದೆ ಹೆಸರೊಂದೇ ಕಾಣುವ ಇಂದಿನ ಗಣಕಯಂತ್ರದ ವ್ಯವಹಾರದಲ್ಲಿ ಈ ರೂಢಿ ಇನ್ನಷ್ಟು ಬಲಿತಿದೆ. ಸಾಹಿತ್ಯಚರಿತ್ರೆಯಲ್ಲಿಯೂ ಇದನ್ನು ಪ್ರಮಾಣವೆಂದು ಹಿಡಿಯುವುದು ಸಾಧುವೇ ಎಂಬುದು ವಿಚಾರಾರ್ಹ.

ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬೇಕಾದರೆ ಅವೆರಡಕ್ಕೂ ವ್ಯಾಪ್ತಿಸಂಬಂಧ ಸಿದ್ಧವಾಗಿರಬೇಕೆಂದು ತಾರ್ಕಿಕರ ಮತ. ಹೆಸರಿಗೂ ಮನೆಮಾತಿಗೂ ಅಂಥ ಸಂಬಂಧವುಂಟೆ? ಕಾರ್ನಾಡು ಮೂಲ್ಕಿಯ ಬಳಿಯ ಊರು. ಸುತ್ತಣ ಸೀಮೆ ತುಳುವರದು. ಆ ಊರ ಹೆಸರನ್ನು ಹೊತ್ತ ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಮರಾಠಿ ನೆಲದ ಮಾಥೇರಾನದಲ್ಲಿ. ಅವರ ಮನೆಮಾತು ಕೊಂಕಣಿ. ನಾಟಕಗಳ ಭಾಷೆ ಕನ್ನಡ. ಮಾಸ್ತಿಯವರ ವಿಷಯದಲ್ಲಿ ಅಯ್ಯಂಗಾರ್ ಎಂಬ ಉಪನಾಮ ತಮಿಳು ಮನೆಮಾತನ್ನು ಸರಿಯಾಗಿಯೇ ಸೂಚಿಸುತ್ತದೆ. ಆದರೆ ಅವರ ಕಥೆಗಳ ಕನ್ನಡವನ್ನು ಕುರಿತು ಅದರಿಂದ ತಿಳಿದುಬರುವುದೇನೂ ಇಲ್ಲ.

ಅರಬ್ಬೀ ಮೂಲದ ಹೆಸರುಗಳಲ್ಲಿ ಈ ಅನುಮಾನ ಪೂರ್ತಿಯಾಗಿ ಕುಸಿಯುತ್ತದೆ. ಒಂದೇ ಹೆಸರಿನವರು ಭಟ್ಕಳದಲ್ಲಿ ನವಾಯತಿಯನ್ನೂ ಮಂಗಳೂರಿನ ಕಡೆ ಬ್ಯಾರಿಯನ್ನೂ ಮೈಸೂರಿನಲ್ಲಿ ಉರ್ದುವನ್ನೂ ಮನೆಯಲ್ಲಿ ಆಡುತ್ತಿರಬಹುದು. ಉತ್ತರ ಕರ್ನಾಟಕದ ನದಾಫರ ಅನೇಕ ಮನೆಗಳಲ್ಲಿ ಕನ್ನಡವೇ ಇದೆ. ಸ್ನಾತಕೋತ್ತರ ತರಗತಿಯ ಸಂದರ್ಶನವೊಂದರಲ್ಲಿ ಅಂಥ ಹೆಸರಿನ ವಿದ್ಯಾರ್ಥಿನಿಯನ್ನು, "ಕನ್ನಡವನ್ನು ಯಾವಾಗ ಕಲಿತೆಯಮ್ಮ?" ಎಂದು ಕೇಳಿದುದುಂಟು. "ಮಾತು ಕಲಿತಾಗಲೇ, ಸರ್" ಎಂದಳು. ಪ್ರಶ್ನೆ ಕೇಳಿದವನು ಈ ಲೇಖಕನೇ; ಮುಂದಿನ ಪ್ರಶ್ನೆ ತೋಚಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಪಂಪನ ಪ್ರಸಂಗ ಇವೆಲ್ಲಕ್ಕಿಂತ ಜಟಿಲವಾದುದು. ಆತನ ಪೂರ್ವಜರು ವೆಂಗಿನಾಡಿನವರು. ಆಶ್ರಯದಾತನಾದ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ತಂದೆ ಕಾವ್ಯದಲ್ಲಿ ಅಭಿರಾಮದೇವರಾಯ, ಕುರಿಕ್ಯಾಲ ಶಾಸನದಲ್ಲಿ ಭೀಮಪಯ್ಯ. ಮೊದಲನೆಯದು ಸಂಸ್ಕೃತ ಮೂಲದ್ದು. ಎರಡನೆಯದರ 'ಅಯ್ಯ' ಕನ್ನಡ ತೆಲುಗುಗಳೆರಡಕ್ಕೂ ಸಾಧಾರಣ. ಕವಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳಬಯಸುವ ಉಭಯ ಪಕ್ಷದವರಿಗೂ ಅದು ಸಮನಾಗಿ ಒದಗುತ್ತದೆ. ಎಂದರೆ ಯಾರಿಗೂ ಒದಗುವುದಿಲ್ಲ. ತಾಯಿ ಅಬ್ಬಣಬ್ಬೆಯ ಹೆಸರಿನ 'ಅಬ್ಬೆ' ಕನ್ನಡದ ಮಾತೆಂಬುದು ದಿಟ. ಆದರೂ ಆಕೆಯನ್ನು ಕನ್ನಡನಾಡಿಗೆ ಸೇರಿಸುವ ದೃಢವಾದ ಆಧಾರ ಆ ಪದವಲ್ಲ, ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬ ಶಾಸನದ ಹೇಳಿಕೆ.

ಈ ಶಾಸನವನ್ನು ಹಾಕಿಸಿದವನು ಪಂಪನ ತಮ್ಮನಾದ ಜಿನವಲ್ಲಭ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ; ತೆಲುಗಿನ ಭಾಗ ಕಂದಪದ್ಯಗಳಲ್ಲಿದೆ. ಅಣ್ಣ ಕನ್ನಡದಲ್ಲಿ ಎರಡು ಮಹಾಕಾವ್ಯಗಳನ್ನು ರಚಿಸಿದ ಮನೆಯಲ್ಲಿ ತಮ್ಮನ ಶಾಸನಕ್ಕೆ ತೆಲುಗು ಕಂದವೂ ಬೇಕಾಯಿತು. ಅಂಥ ಮನೆಯ ಮಾತು ಯಾವುದೆಂದು ಕೇಳುವಾಗ ಅದು ಒಂದೇ ಆಗಿರಬೇಕೆಂದು ನಾವು ಮೊದಲೇ ಇಟ್ಟುಕೊಂಡಿರುತ್ತೇವೆ. ಆ ಗೃಹೀತಕ್ಕೆ ಶಾಸನದಲ್ಲಾಗಲಿ ಕಾವ್ಯದಲ್ಲಾಗಲಿ ಆಧಾರವಿಲ್ಲ.