ತಟ್ಟೆಯ ಮೇಲಣ ಹೆಸರು: ಆಫ್ರೋ-ಕ್ಯೂಬನ್ ಧ್ವನಿಮುದ್ರಿಕೆಗಳ ಒಂದು ಪರಿಶೀಲನೆ

೧

ಕಮಲಾಪುರದಿಂದ ಹಂಪೆಗೆ ಹೋಗುವವರು ಮಹಾನವಮಿ ದಿಬ್ಬದ ಬಳಿ ನಿಲ್ಲದೆ ಮುಂದುವರಿಯುವುದು ಅಪರೂಪ. ದಿಬ್ಬದ ಸುತ್ತಣ ಶಿಲಾಪಟ್ಟಿಕೆಗಳಲ್ಲಿ ಕೋಲಾಟವಾಡುವ ಸ್ತ್ರೀಯರು, ವಾದ್ಯ ನುಡಿಸುವವರು, ಕುದುರೆಗಳನ್ನು ನಡೆಸಿಕೊಂಡು ಬರುವ ಪರದೇಶೀಯರು ಸಾಲುಸಾಲಾಗಿ ಕಾಣುತ್ತಾರೆ. ಎತ್ತಿದ ಕೋಲು ಶತಮಾನಗಳಿಂದ ಹಾಗೆಯೇ ನಿಂತಿದೆ. ಆದರೆ ಕೋಲಿಗೆ ಕೋಲು ತಾಗಿದ ಸದ್ದು ನಮಗೆ ಉಳಿದಿಲ್ಲ. ಕುಣಿದವರ ಹೆಸರೂ ಉಳಿದಿಲ್ಲ. ಇತಿಹಾಸದ ಅಧ್ಯಾಪಕರಾದ ನಾವು ಈ ಮೌನಕ್ಕೆ ಒಗ್ಗಿಹೋಗಿದ್ದೇವೆ. ಇಪ್ಪತ್ತನೆಯ ಶತಮಾನದಲ್ಲಾದರೋ ಸದ್ದೇ ದಾಖಲೆಯಾಯಿತು. ಹಾಗಿದ್ದೂ ಹೆಸರು ಉಳಿಯಿತೇ ಎಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆ ಹುಟ್ಟಿದ ಬಗೆಯನ್ನು ಹೇಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ಒಂದು ಸಂಗ್ರಹದಲ್ಲಿದ್ದ ಹಳೆಯ ಕ್ಯಾಸೆಟ್ಟೊಂದು ನಮ್ಮ ಕೈಗೆ ಬಂದಿತು. ಅದರ ಮೇಲೆ 'ಸಿದ್ದಿ ಹಾಡು, ಹೆಂಗಸರು' ಎಂದಷ್ಟೇ ಬರೆದಿತ್ತು. ಊರಿಲ್ಲ, ದಿನಾಂಕವಿಲ್ಲ, ಹಾಡಿದವರ ಹೆಸರಿಲ್ಲ. ಅದೇ ದಿನಗಳಲ್ಲಿ ನಾವು ಕ್ಯೂಬಾ ದ್ವೀಪದ ಆಫ್ರಿಕನ್ ಮೂಲದವರ ಸಂಗೀತವನ್ನು, ಅದರಿಂದ ನ್ಯೂಯಾರ್ಕಿನಲ್ಲಿ ರೂಪುಗೊಂಡ 'ಸಾಲ್ಸಾ' ಎಂಬ ಪ್ರಕಾರವನ್ನು ಕೇಳುತ್ತಿದ್ದೆವು. ಅಲ್ಲಿ ಒಂದೊಂದು ಮುದ್ರಿಕೆಗೂ ಗಾಯಕನ, ವಾದ್ಯಗಾರನ, ತಿಂಗಳು ವರ್ಷದ ಲೆಕ್ಕವನ್ನಿಟ್ಟ ಜನರಿದ್ದಾರೆ. ಎರಡೂ ಕಡೆ ಹಾಡಿದವರು ಆಫ್ರಿಕದಿಂದ ಬಲವಂತವಾಗಿ ತರಲ್ಪಟ್ಟವರ ಸಂತತಿಯೇ. ಈ ಅಂತರವು ನಮ್ಮನ್ನು ಕಾಡಿತು. ಹತ್ತಿರದಿಂದ ನೋಡಿದಾಗ ಕ್ಯೂಬಾದ ಲೆಕ್ಕವೂ ನಾವೆಣಿಸಿದಷ್ಟು ಚೊಕ್ಕಟವಾಗಿಲ್ಲವೆಂದು ಕಂಡುಬಂದಿತು.

೨

ಕ್ಯೂಬಾಕ್ಕೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕನರ ಸಂಖ್ಯೆ ಏಳು ಲಕ್ಷವನ್ನು ಮೀರುತ್ತದೆ. ಅವರಲ್ಲಿ ಹೆಚ್ಚಿನವರು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕಬ್ಬಿನ ತೋಟಗಳ ಕೆಲಸಕ್ಕೆ. ೧೮೮೬ರಲ್ಲಿ ಅಲ್ಲಿ ಗುಲಾಮಗಿರಿ ಕೊನೆಗೊಂಡಿತು. ಕಾಂಗೋ ಪ್ರದೇಶದವರೂ ಯೊರುಬಾ ಜನರೂ ತಂದ ಮದ್ದಳೆಯ ಲಯಗಳು ಸ್ಪೇನಿನ ತಂತಿವಾದ್ಯ ಹಾಗೂ ಹಾಡಿನ ಕಟ್ಟಿನೊಡನೆ ಬೆರೆತು, ದ್ವೀಪದ ಪೂರ್ವಭಾಗದಲ್ಲಿ 'ಸೋನ್' ಎಂಬ ಹಾಡುಗಾರಿಕೆ ಬೆಳೆಯಿತು. ಇದರ ಅಡಿಗಟ್ಟು 'ಕ್ಲಾವೆ' ಎಂಬ ಎರಡು ಗಿಡ್ಡ ಮರದ ಕೋಲುಗಳ ಪೆಟ್ಟು. ಎರಡು ಆವರ್ತಗಳಲ್ಲಿ ಐದು ಪೆಟ್ಟುಗಳು; ಒಂದರಲ್ಲಿ ಮೂರು, ಮತ್ತೊಂದರಲ್ಲಿ ಎರಡು. ಉಳಿದ ವಾದ್ಯಗಳೆಲ್ಲವೂ ಈ ಐದು ಪೆಟ್ಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆಯಬೇಕು. ಹಾಡಿನ ಉತ್ತರಾರ್ಧದಲ್ಲಿ ಒಬ್ಬನು ಸೊಲ್ಲೆತ್ತುವನು, ಮಿಕ್ಕವರು ಸೊಲ್ಲು ಹಿಡಿಯುವರು. ನಮ್ಮ ಕೋಲಾಟದ ಹಾಡುಗಳನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ.

ಈ ಸಂಗೀತವನ್ನು ಜಗತ್ತಿಗೆ ಒಯ್ದ ಮುದ್ರಿಕೆ 'ಎಲ್ ಮಾನಿಸೆರೋ', ಎಂದರೆ ಶೇಂಗಾ ಮಾರುವವನು. ಬೀದಿಯ ಮಾರಾಟಗಾರನ ಕೂಗನ್ನೇ ಪಲ್ಲವಿಯಾಗಿಸಿ ಮೊಯಿಸೆಸ್ ಸಿಮೊನ್ಸ್ ರಚಿಸಿದ ಈ ಹಾಡನ್ನು ದೋನ್ ಅಸ್ಪಿಯಾಸು ಅವರ ವಾದ್ಯಮೇಳವು ೧೯೩೦ರಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗಾಗಿ ಮುದ್ರಿಸಿತು; ಹಾಡಿದವರು ಆಂತೋನಿಯೋ ಮಾಚಿನ್. ಮಾಚಿನ್ ಅವರ ಕಂಠ ಇಲ್ಲಿ ಅವಸರಪಡುವುದಿಲ್ಲ. ಬೀದಿಯ ಕೊನೆಗೆ ನಡೆದುಹೋಗುವವನಂತೆ ಕೂಗು ನಿಧಾನವಾಗಿ ದೂರವಾಗುತ್ತದೆ. ಆದರೆ ತಟ್ಟೆಯ ಚೀಟಿಯ ಮೇಲೆ ಅಚ್ಚಾದುದು 'ರುಂಬಾ' ಎಂದು. ರುಂಬಾ ಎಂಬುದು ಹವಾನಾ ಮತ್ತು ಮಾತಾನ್ಸಾಸ್‌ನ ಕೇರಿಗಳಲ್ಲಿ ಬರಿಯ ಮದ್ದಳೆ ಹಾಗೂ ಕಂಠಗಳಿಂದ ನಡೆಯುವ ಬೇರೆಯೇ ಪ್ರಕಾರ. ಸೋನ್ ಎಂಬ ಪದ ಅಮೆರಿಕದ ಗಿರಾಕಿಗೆ ಅಪರಿಚಿತವಾದ್ದರಿಂದ ಅಂಗಡಿಯು ತನಗೆ ಅನುಕೂಲವಾದ ಹೆಸರನ್ನು ಅಂಟಿಸಿತು. ಚೀಟಿಯನ್ನು ನಂಬಿ ಇತಿಹಾಸ ಬರೆಯಬಾರದೆಂಬುದಕ್ಕೆ ಇದು ಮೊದಲ ಪಾಠ.

ಇದೇ ಮುದ್ರಿಕೆ ಮುಂದೆ ಎಚ್.ಎಂ.ವಿ.ಯ 'ಜಿ.ವಿ.' ಮಾಲೆಯ ಮೊದಲನೆಯ ತಟ್ಟೆಯಾಗಿ ೧೯೩೦ರ ದಶಕದಲ್ಲಿ ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಪೇಟೆಗಳನ್ನು ಸೇರಿತು. ಹಡಗಿನ ತಳದಲ್ಲಿ ಕೊಂಡೊಯ್ದ ಲಯವು ಅರಗಿನ ತಟ್ಟೆಯ ಮೇಲೆ ಕಾಂಗೋ ನದಿಯ ದಡಕ್ಕೆ ಮರಳಿತು. ಅಲ್ಲಿನ ಗಾಯಕರು ಅದನ್ನು ತಮ್ಮದೆಂದೇ ಗುರುತಿಸಿಕೊಂಡರು. ೧೯೬೦ರಲ್ಲಿ ಕಾಂಗೋ ಸ್ವತಂತ್ರವಾದಾಗ ಜೋಸೆಫ್ ಕಬಸೆಲೆ ಅವರ ಮೇಳ ಹಾಡಿದ ಸ್ವಾತಂತ್ರ್ಯದ ಹಾಡು ಕ್ಯೂಬಾದ ಚಾ-ಚಾ-ಚಾ ಗತಿಯಲ್ಲಿಯೇ ಇತ್ತೆಂಬುದು ಗಮನಾರ್ಹ.

೩

ನಮ್ಮ ಅಭಿಪ್ರಾಯದಲ್ಲಿ ಈ ಪರಂಪರೆಯ ನಡುಗಂಬ ಆರ್ಸೇನಿಯೋ ರೊಡ್ರೀಗೆಸ್. ೧೯೧೧ರಲ್ಲಿ ಮಾತಾನ್ಸಾಸ್ ಪ್ರಾಂತದಲ್ಲಿ ಹುಟ್ಟಿದ ಇವರ ಅಜ್ಜ ಕಾಂಗೋದಿಂದ ತರಲ್ಪಟ್ಟ ಗುಲಾಮರು. ಬಾಲ್ಯದಲ್ಲಿಯೇ ಪ್ರಾಣಿಯೊಂದರ ಒದೆತದಿಂದ ಇವರ ದೃಷ್ಟಿ ಹೋಯಿತು. ಇವರ ವಾದ್ಯ 'ತ್ರೆಸ್', ಮೂರು ಜೊತೆ ತಂತಿಗಳ ಗಿಟಾರು. ಇವರು ರಚಿಸಿದ 'ಬ್ರುಕಾ ಮಾನಿಗ್ವಾ' ಎಂಬ ಹಾಡು ೧೯೩೭ರಲ್ಲಿ ಕಸೀನೋ ದೆ ಲಾ ಪ್ಲಾಯಾ ಎಂಬ ಮೇಳದ ಮೂಲಕ ಹೊರಬಂದಿತು. ಹಾಡಿದವರು ಮಿಗೆಲಿತೊ ವಾಲ್ದೆಸ್. ಗುಲಾಮನೊಬ್ಬನು ತನ್ನ ಮುರುಕು ಸ್ಪ್ಯಾನಿಷಿನಲ್ಲಿ, ಕಾಂಗೋ ಪದಗಳನ್ನು ಬೆರೆಸಿ, ಸ್ವಾತಂತ್ರ್ಯವಿಲ್ಲದೆ ಬಾಳಲಾರೆನೆಂದು ಹೇಳಿಕೊಳ್ಳುವ ರಚನೆ ಇದು. ಇದನ್ನು ನುಡಿಸಿದ್ದು ಹವಾನಾದ ಶ್ರೀಮಂತರ ನೃತ್ಯಶಾಲೆಗಳಿಗೆ ಒಗ್ಗಿದ್ದ ಮೇಳ. ಆ ಕ್ಲಬ್ಬುಗಳ ಬಾಗಿಲು ಕರಿಯ ವಾದ್ಯಗಾರರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಮುದ್ರಿಕೆ ಸೊಗಸಾಗಿದೆ. ಆದರೂ ವಾಲ್ದೆಸ್ ಅವರ ಗಾಯನದಲ್ಲಿ ಅಳಲಿಗಿಂತ ಅಭಿನಯದ ಪಾಲು ಹೆಚ್ಚೆಂದು ನಮಗೆ ತೋರುತ್ತದೆ.

ಆರ್ಸೇನಿಯೋ ಅವರ ನಿಜವಾದ ಸಾಧನೆಯನ್ನು ಕೇಳಬೇಕಾದುದು ೧೯೪೦ರಿಂದಾಚೆಗೆ ಅವರು ಸ್ವಂತವಾಗಿ ಕಟ್ಟಿದ ಮೇಳದಲ್ಲಿ. ಹಳೆಯ ಏಳು ಜನರ ಮೇಳಕ್ಕೆ ಅವರು ಪಿಯಾನೋವನ್ನು, ಒಂದರ ಬದಲು ಎರಡು ಮೂರು ಟ್ರಂಪೆಟ್‌ಗಳನ್ನು, ಎಲ್ಲಕ್ಕಿಂತ ಮುಖ್ಯವಾಗಿ ಕೊಂಗಾ ಮದ್ದಳೆಯನ್ನು ಸೇರಿಸಿದರು. ಗೌರವಸ್ಥರ ಸಭೆಗೆ ತಕ್ಕುದಲ್ಲವೆಂದು ಹೊರಗಿಟ್ಟಿದ್ದ ವಾದ್ಯವನ್ನು ಮೇಳದ ಹೃದಯಸ್ಥಾನದಲ್ಲಿ ಕೂರಿಸಿದ್ದು ಸಂಗೀತದ ಮಾತಷ್ಟೇ ಅಲ್ಲ, ಸಾಮಾಜಿಕ ಇತಿಹಾಸದ ಮಾತೂ ಹೌದು. ಇವರ ಗತಿ ನಿಧಾನವಾದುದು. ಪಿಯಾನೋ, ತ್ರೆಸ್, ಮದ್ದಳೆ ಒಂದರ ಬಿಡುವಿನಲ್ಲಿ ಇನ್ನೊಂದು ಮಾತನಾಡುತ್ತವೆ. ಯಾವುದೂ ಮತ್ತೊಂದನ್ನು ಮುಚ್ಚುವುದಿಲ್ಲ. ಮೂರು ನಿಮಿಷದ ತಟ್ಟೆಯಲ್ಲಿ ಇಷ್ಟು ಹಿಡಿಸಿದವರು ವಿರಳ. ೧೯೪೭ರಲ್ಲಿ ಇವರು ಕಣ್ಣಿನ ಚಿಕಿತ್ಸೆಗೆಂದು ನ್ಯೂಯಾರ್ಕಿಗೆ ಹೋದರು. ದೃಷ್ಟಿ ಮರಳದೆಂದು ವೈದ್ಯರು ತಿಳಿಸಿದರು. ಆ ಬಳಿಕ ರಚಿಸಿದ 'ಲಾ ವಿದಾ ಎಸ್ ಉನ್ ಸುಯೆನ್ಯೋ', ಬಾಳು ಕನಸೆಂಬ ಅರ್ಥದ ಹಾಡು, ಕರುಣೆಯನ್ನು ಬೇಡದೆ ದುಃಖವನ್ನು ಹೇಳುವ ರೀತಿಯಿಂದ ಇಂದಿಗೂ ಮನಸ್ಸನ್ನು ತಟ್ಟುತ್ತದೆ.

ಇದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಮಾಚಿತೊ ಹಾಗೂ ಮಾರಿಯೋ ಬೌಸಾ ತಮ್ಮ ಮೇಳಕ್ಕೆ 'ಆಫ್ರೋ-ಕ್ಯೂಬನರು' ಎಂದು ಹೆಸರಿಟ್ಟದ್ದು (೧೯೪೦) ಧೈರ್ಯದ ಕೆಲಸ. ೧೯೪೭ರ ಡಿಸೆಂಬರಿನಲ್ಲಿ ಡಿಜ್ಜಿ ಗಿಲೆಸ್ಪಿ ಅವರ ಜಾಜ್ ಮೇಳ ಮುದ್ರಿಸಿದ 'ಮಾಂತೆಕಾ'ದ ಮೂಲ ಕಲ್ಪನೆ ಕೊಂಗಾವಾದಕ ಚಾನೋ ಪೋಸೋ ಅವರದು. ಸ್ವರಲಿಪಿ ಬಾರದ ಅವರು ವಾದ್ಯವಾದ್ಯದ ಪಾಠವನ್ನು ಬಾಯಲ್ಲಿ ನುಡಿದು ಕಲಿಸಿದರು. ರಚನಕಾರರ ಪಟ್ಟಿಯಲ್ಲಿ ಅವರ ಹೆಸರು ಸೇರಿದೆ; ಬರೆಯಬಾರದವನ ಕರ್ತೃತ್ವವನ್ನೂ ಒಪ್ಪುವುದು ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಮರುವರ್ಷವೇ ಅವರು ಹಾರ್ಲೆಮ್ಮಿನಲ್ಲಿ ಕೊಲೆಯಾದರು.

೪

೧೯೬೪ರಲ್ಲಿ ಜಾನಿ ಪಚೇಕೊ ಮತ್ತು ಜೆರಿ ಮಸೂಚಿ ನ್ಯೂಯಾರ್ಕಿನಲ್ಲಿ 'ಫಾನಿಯಾ' ಕಂಪನಿಯನ್ನು ಸ್ಥಾಪಿಸಿದರು. 'ಸಾಲ್ಸಾ' ಎಂಬ ಹೆಸರನ್ನು ಪ್ರಚಾರಗೊಳಿಸಿದ ಕೀರ್ತಿ ಇದಕ್ಕೆ ಸಲ್ಲುತ್ತದೆ. ಪದದ ಅರ್ಥ ಊಟಕ್ಕೆ ನಂಚಿಕೊಳ್ಳುವ ರಸ. ಟೀಟೋ ಪುವೆಂತೆಯಂತಹ ಹಿರಿಯ ವಾದಕರು ಈ ಹೆಸರನ್ನು ಮನಸಾರೆ ಒಪ್ಪಲಿಲ್ಲ; ತಾವು ನುಡಿಸುವುದು ಕ್ಯೂಬಾದ ಸಂಗೀತವೆಂಬುದು ಅವರ ವಾದ.

ಆದರೆ ಸಾಲ್ಸಾ ಕೇವಲ ಹೊಸ ಚೀಟಿ ಎನ್ನುವವರೊಡನೆ ನಮಗೆ ಸಹಮತವಿಲ್ಲ. ವಿಲ್ಲಿ ಕೊಲೋನ್ ಅವರ ಒರಟು ಟ್ರಾಂಬೋನುಗಳಲ್ಲಿ, ಹೆಕ್ಟರ್ ಲಾವೋ ಅವರ ಮೂಗುದನಿಯಲ್ಲಿ ನ್ಯೂಯಾರ್ಕಿನ ಪೋರ್ಟೊರಿಕನ್ ಕೇರಿಗಳ ಬಡತನ ಹಾಗೂ ಬಿಂಕ ಎರಡೂ ಇವೆ. ಅವು ಹವಾನಾದಲ್ಲಿ ಹುಟ್ಟಲಾರದಂಥವು. ರೂಬೆನ್ ಬ್ಲೇಡ್ಸ್ ಅವರೊಡನೆ ಕೊಲೋನ್ ಹೊರತಂದ 'ಸಿಯೆಂಬ್ರಾ' (೧೯೭೮) ನಗರದ ಜೀವನವನ್ನು ಕಥನಗೀತೆಯಾಗಿಸಿದ ಕೃತಿ. ೧೯೬೦ರಲ್ಲಿ ಕ್ಯೂಬಾವನ್ನು ಬಿಟ್ಟ ಸೇಲಿಯಾ ಕ್ರೂಸ್ ೧೯೭೪ರಲ್ಲಿ ಪಚೇಕೊ ಅವರೊಡನೆ ಮಾಡಿದ ಮುದ್ರಿಕೆಯಲ್ಲಿ, ಸೊನೋರಾ ಮಾತಾನ್ಸೆರಾ ಮೇಳದಲ್ಲಿ ಕಲಿತ ಶಿಸ್ತು ಹಾಗೂ ಹೊಸ ನಗರದ ವೇಗ ಒಂದಾಗಿವೆ.

ಗುಣವನ್ನು ಒಪ್ಪಿದ ಮೇಲೆ ದೋಷವನ್ನೂ ಹೇಳಬೇಕು. ಫಾನಿಯಾದ ಎಷ್ಟೋ ತಟ್ಟೆಗಳಲ್ಲಿ ಕ್ಯೂಬಾದ ಹಳೆಯ ಹಾಡುಗಳ ಮುಂದೆ ರಚನಕಾರನ ಹೆಸರಿರಬೇಕಾದ ಸ್ಥಳದಲ್ಲಿ 'ಡಿ. ಆರ್.' ಎಂಬ ಎರಡಕ್ಷರಗಳಿವೆ. 'ಹಕ್ಕುಗಳನ್ನು ಕಾದಿರಿಸಿದೆ' ಎಂಬ ಸ್ಪ್ಯಾನಿಷ್ ಮಾತಿನ ಸಂಕ್ಷೇಪ ಇದು. ೧೯೬೨ರ ಅಮೆರಿಕದ ವಾಣಿಜ್ಯ ದಿಗ್ಬಂಧನದಿಂದಾಗಿ ಕ್ಯೂಬಾಕ್ಕೆ ಹಣ ಕಳುಹಿಸುವುದು ದುಸ್ತರವಾಗಿತ್ತೆಂಬ ಸಮಾಧಾನವನ್ನು ಕೊಡುವುದುಂಟು. ಹಣಕ್ಕೆ ಅಡ್ಡಿಯಿದ್ದಿರಬಹುದು, ಹೆಸರನ್ನು ಅಚ್ಚು ಮಾಡಲು ಯಾವ ದಿಗ್ಬಂಧನವೂ ಅಡ್ಡಬರಲಾರದು. ಹಾಡನ್ನು ಕೇಳಿ ಕುಣಿದ ತಲೆಮಾರಿಗೆ ಅದನ್ನು ಕಟ್ಟಿದವನು ಅಳಿದುಹೋದನು. ಈ ಮಾತಿಗೆ ಅಪವಾದವೂ ಉಂಟು: ಆರ್ಸೇನಿಯೋ ೧೯೭೦ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡ ಮರುವರ್ಷ ಪಿಯಾನೋವಾದಕ ಲ್ಯಾರಿ ಹಾರ್ಲೋ ಅದೇ ಕಂಪನಿಯಿಂದ ಅವರ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಶ್ರದ್ಧಾಂಜಲಿಯನ್ನು ಹೊರತಂದರು. ೧೯೯೬ರಲ್ಲಿ ಹವಾನಾದಲ್ಲಿ ಮುದ್ರಿತವಾಗಿ ಮರುವರ್ಷ ಲೋಕಪ್ರಸಿದ್ಧವಾದ 'ಬುಯೆನಾ ವಿಸ್ತಾ ಸೋಷಿಯಲ್ ಕ್ಲಬ್'ನಲ್ಲಿ ಪಿಯಾನೋ ನುಡಿಸಿದ ರೂಬೆನ್ ಗೊನ್ಸಾಲೆಸ್ ೧೯೪೦ರ ದಶಕದಲ್ಲಿ ಆರ್ಸೇನಿಯೋ ಅವರ ಮೇಳದಲ್ಲಿದ್ದವರೇ. ಆ ಬೆರಳುಗಳಲ್ಲಿ ಗುರುವಿನ ಬಿಡುವುಗಳು ಕೇಳಿಸುತ್ತವೆ. ಆದುದರಿಂದ ಸಾಲ್ಸಾವನ್ನು ಹೊಸದಾಗಿ ಕೇಳುವ ವಿದ್ಯಾರ್ಥಿಯು ಫಾನಿಯಾದಿಂದ ಹಿಮ್ಮುಖವಾಗಿ ಆರ್ಸೇನಿಯೋವರೆಗೆ ನಡೆಯಬೇಕೆಂಬುದು ನಮ್ಮ ಸೂಚನೆ.

೫

ಇನ್ನು ನಮ್ಮ ನಾಡಿಗೆ ಬರೋಣ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಸಾರಿದರು. ದೂರದ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರು ಚೀಟಿಯನ್ನು ತಪ್ಪಿಲ್ಲದೆ ಹಚ್ಚಲೆಂದು ಈ ಏರ್ಪಾಡು. ೧೯೩೦ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 'ಗಾಂಧಾರಿ ಹಾನಗಲ್' ಎಂಬ ಹೆಸರಿನಿಂದ ಬಂದವು. ಹೆಸರು ಬದಲಾದರೂ ಹೆಸರಿತ್ತು. ಕಚೇರಿಯ ಕಲಾವಿದನಿಗೆ ದೊರೆತ ಈ ಮನ್ನಣೆ ಜನಪದ ಗಾಯಕರಿಗೆ ದೊರೆಯುವುದು ಕಷ್ಟವಾಯಿತು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದ ಕಡೆಗಳ ಸಿದ್ದಿ ಜನರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡನ್ನು ಸೇರಿದವರು. ೨೦೦೩ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇವರ ಡಮಾಮಿ ಮದ್ದಳೆಯನ್ನೂ ಹೆಂಗಸರ ಫುಗಡಿಯನ್ನೂ ಕೇಳಿದೊಡನೆ ಕ್ಯೂಬಾದ ನೆನಪಾಗುವುದು ಸಹಜ. ಆದರೆ ಅವಸರದ ಹೋಲಿಕೆ ಅಪಾಯಕರ. ಕ್ಯೂಬಾದವರು ಬಹುಮಟ್ಟಿಗೆ ಪಶ್ಚಿಮ ತೀರದಿಂದ ಹೋದವರು, ಇವರು ಪೂರ್ವ ತೀರದಿಂದ ಬಂದವರು. ಅಲ್ಲದೆ 'ದಮಾಮ' ಎಂಬ ಪದ ಪಾರಸಿಯ ಮೂಲಕ ಬಂದು ಉತ್ತರದ ಭಾಷೆಗಳಲ್ಲಿ ನಗಾರಿಗೆ ಬಳಕೆಯಾದುದು. ವಾದ್ಯದ ಹೆಸರೊಂದರಿಂದಲೇ ಆಫ್ರಿಕದ ಮೂಲವನ್ನು ಸಾಧಿಸಲಾಗದು. ಹೋಲಿಸಬೇಕಾದುದು ಲಯವನ್ನಲ್ಲ, ದಾಖಲೆಯ ನೀತಿಯನ್ನು.

ಜನಪದ ಹಾಡು ಸಮುದಾಯದ ಸೊತ್ತು, ಅಲ್ಲಿ ವ್ಯಕ್ತಿಯ ಹೆಸರು ಅನಾವಶ್ಯಕ ಎಂಬ ಆಕ್ಷೇಪಣೆ ಬರಬಹುದು. ಹಾಡನ್ನು ಕಟ್ಟಿದವರು ಯಾರೆಂಬುದು ತಿಳಿಯದಿರಬಹುದು. ಆ ದಿನ ಹಾಡಿದವರು ಯಾರೆಂಬುದು ಧ್ವನಿಮುದ್ರಿಸಿದವನಿಗೆ ತಿಳಿದೇ ಇರುತ್ತದೆ. 'ಸಂಪ್ರದಾಯದ ಹಾಡು' ಎಂಬ ನಮ್ಮ ಮಾತು ಎಷ್ಟೋ ವೇಳೆ 'ಡಿ. ಆರ್.' ಎಂಬುದರ ಕನ್ನಡ ಅನುವಾದವೇ ಆಗಿದೆ. ಹಾಡಿದವರ ಹೆಸರು, ಊರು, ಹಾಡನ್ನು ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುವರು, ಮುದ್ರಿಸಿದ ದಿನಾಂಕ, ಇಷ್ಟನ್ನು ಬರೆಯಲು ಅರ್ಧ ಹಾಳೆ ಸಾಕು. ಮುದ್ರಿಕೆಯ ಒಂದು ಪ್ರತಿಯನ್ನು ಹಾಡಿದವರ ಮನೆಗೂ ಮುಟ್ಟಿಸುವುದು ಕರ್ತವ್ಯ. ಈಗ ಎಲ್ಲವನ್ನೂ ಮೊಬೈಲಿನಲ್ಲಿಯೇ ಕೇಳುವ ಕಾಲ. ತಟ್ಟೆಯಾಗಲಿ ಚೀಟಿಯಾಗಲಿ ಇಲ್ಲದ ಈ ದಿನಗಳಲ್ಲಿ ಹೆಸರು ಕಳೆದುಹೋಗುವುದು ಮತ್ತಷ್ಟು ಸುಲಭ.

ಮೊದಲು ಹೇಳಿದ ಕ್ಯಾಸೆಟ್ಟನ್ನು ನಾವು ಮತ್ತೆ ಕೇಳಿದೆವು. ಹಾಡು ತೊಡಗುವ ಮುನ್ನ ಒಬ್ಬಾಕೆ ಇನ್ನೊಬ್ಬಳನ್ನು ಹೆಸರು ಹಿಡಿದು ಕರೆದು, ನೀನೇ ಮೊದಲು ಎತ್ತು ಎಂಬರ್ಥದ ಮಾತನ್ನಾಡುತ್ತಾಳೆ. ಇನ್ನೊಬ್ಬಳು ನಕ್ಕು ಸೊಲ್ಲೆತ್ತುತ್ತಾಳೆ. ಪೆಟ್ಟಿಗೆಯ ಮೇಲೆ ಇಲ್ಲದ ಹೆಸರು ಒಳಗೆ ಇದ್ದೇ ಇತ್ತು. ಆಕೆಯ ಊರನ್ನು ಗೊತ್ತುಮಾಡಿ, ಆಕೆಯ ಅಥವಾ ಮನೆಯವರ ಒಪ್ಪಿಗೆಯನ್ನು ಪಡೆಯುವವರೆಗೆ ಅದನ್ನು ಇಲ್ಲಿ ಅಚ್ಚು ಮಾಡುವುದು ಸರಿಯಲ್ಲ. ಆ ಕೆಲಸವನ್ನು ಕೈಗೊಂಡಿದ್ದೇವೆ. ತಮ್ಮ ಕಾಲೇಜುಗಳ ಸಂಗ್ರಹಗಳಲ್ಲಿರುವ ಇಂತಹ ಮುದ್ರಿಕೆಗಳನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಒಮ್ಮೆ ಮೊದಲಿನಿಂದ, ಹಾಡಿಗೆ ಮುಂಚಿನ ಮಾತುಗಳನ್ನೂ ಬಿಡದೆ ಕೇಳಬೇಕೆಂದು ಕೋರುತ್ತೇವೆ.