ಹಾಡು ಯಾರದು, ಕಂಠ ಯಾರದು: ಜನಪದ ಗಾಯನದ ಅಂತರ್ಜಾಲ ಪ್ರಸರಣ ಮತ್ತು ಹೆಸರಿನ ಪ್ರಶ್ನೆ

1

ಜನಪದ ಸಾಹಿತ್ಯಕ್ಕೆ ಕರ್ತೃವಿಲ್ಲ ಎಂಬುದು ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಪುನರುಕ್ತವಾಗುತ್ತ ಬಂದಿರುವ ಹೇಳಿಕೆ. ಮೌಖಿಕತೆ, ಪರಂಪರಾನುಗತತೆ, ಪಾಠಾಂತರಗಳ ಅಸ್ತಿತ್ವ ಇವುಗಳ ಸಾಲಿನಲ್ಲಿ ಅನಾಮಧೇಯತೆಯನ್ನೂ ಜಾನಪದದ ಒಂದು ಲಕ್ಷಣವಾಗಿ ಎಣಿಸಲಾಗಿದೆ. ಶಿಷ್ಟ ಸಾಹಿತ್ಯದಿಂದ ಜನಪದ ಸಾಹಿತ್ಯವನ್ನು ಬೇರ್ಪಡಿಸಿ ತೋರಿಸಬೇಕಾಗಿದ್ದ ಆರಂಭದ ದಿನಗಳಲ್ಲಿ ಈ ಲಕ್ಷಣ ಉಪಯುಕ್ತವಾಗಿತ್ತು. ಆದರೆ ಧ್ವನಿಮುದ್ರಿತ ಹಾಡೊಂದು ಕ್ಷಣಮಾತ್ರದಲ್ಲಿ ಸಾವಿರಾರು ಜನರ ಕೈಸೇರುವ, ಅದನ್ನು ಯಾರು ಬೇಕಾದರೂ ಕತ್ತರಿಸಿ, ಗತಿ ಬದಲಿಸಿ, ವಾದ್ಯಮೇಳ ಸೇರಿಸಿ ಮತ್ತೆ ಹಂಚಬಹುದಾದ ಇಂದಿನ ಸಂದರ್ಭದಲ್ಲಿ ಅದೇ ಲಕ್ಷಣ ಬೇರೊಂದು ಕೆಲಸ ಮಾಡುತ್ತಿದೆ. ಗದ್ದೆಯ ನಾಟಿಯಲ್ಲೋ ಬೀಸುವ ಕಲ್ಲಿನ ಮುಂದೆಯೋ ಜಾತ್ರೆಯ ಬಯಲಿನಲ್ಲೋ ಹಾಡಿದವರ ದನಿ ಅವರ ಹೆಸರಿಲ್ಲದೆ, ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಹರಿದಾಡುವಾಗ ‘ಜನಪದ ಗೀತೆ’ ಎಂಬ ಎರಡು ಪದಗಳೇ ಅದಕ್ಕೆ ಸಮರ್ಥನೆಯಾಗಿ ನಿಲ್ಲುತ್ತವೆ. ಎಲ್ಲರದೂ ಆದದ್ದು ಯಾರದೂ ಅಲ್ಲ, ಬದಲಾಗುವುದೇ ಜಾನಪದದ ಸ್ವಭಾವ ಎಂಬುದು ಆ ಸಮರ್ಥನೆಯ ತಿರುಳು. ಈ ವಾದವನ್ನು ಹಂಚುವವರು ತಾವಾಗಿ ಕಟ್ಟಿದವರಲ್ಲ. ವಿದ್ವತ್ ಲೋಕ ಅದನ್ನು ಮೊದಲೇ ಸಿದ್ಧಪಡಿಸಿಟ್ಟಿತ್ತು. ಆದ್ದರಿಂದ ಅಂತರ್ಜಾಲದ ದುರ್ಬಳಕೆಯನ್ನು ವಿಮರ್ಶಿಸುವ ಮೊದಲು ಅನಾಮಧೇಯತೆಯ ಪರಿಕಲ್ಪನೆಯನ್ನೇ ಮರುಪರಿಶೀಲಿಸುವುದು ಅಗತ್ಯ.

2

ಕನ್ನಡದ ಮೌಖಿಕ ಮತ್ತು ಅರೆಮೌಖಿಕ ಪರಂಪರೆಗಳು ಹೆಸರಿನ ವಿಷಯದಲ್ಲಿ ಉದಾಸೀನವಾಗಿದ್ದವು ಎಂಬ ನಂಬಿಕೆಗೆ ಪೂರ್ಣ ಆಧಾರವಿಲ್ಲ. ವಚನಗಳಲ್ಲಿಯೂ ಕೀರ್ತನೆಗಳಲ್ಲಿಯೂ ಇರುವ ಅಂಕಿತ ತತ್ವಪದಗಳಿಗೂ ಲಾವಣಿಗಳಿಗೂ ಹರಿದುಬಂದಿದೆ. ಶಿಶುನಾಳ ಶರೀಫರ ಪದಗಳು ‘ಶಿಶುನಾಳಧೀಶ’ನಲ್ಲಿ, ಕಡಕೋಳ ಮಡಿವಾಳಪ್ಪನವರ ಪದಗಳು ‘ಮಹಾಂತ’ನಲ್ಲಿ ಬಂದು ನಿಲ್ಲುತ್ತವೆ. ಉತ್ತರ ಕರ್ನಾಟಕದ ಲಾವಣಿಕಾರರು ಕೊನೆಯ ನುಡಿಯಲ್ಲಿ ತಮ್ಮ ಊರನ್ನೂ ಊರದೈವವನ್ನೂ ಗುರುವನ್ನೂ ನೆನೆಯುವುದು ವಾಡಿಕೆ. ಗಮನಿಸಬೇಕಾದ ಅಂಶವೆಂದರೆ, ಈ ಅಂಕಿತಗಳಲ್ಲಿ ಹಲವು ಹಾಡುಕಾರನ ಸ್ವಂತ ಹೆಸರುಗಳಲ್ಲ. ಅವು ಒಂದು ಊರಿನ, ಒಬ್ಬ ಗುರುವಿನ, ಒಂದು ದೈವದ ಹೆಸರುಗಳು. ಅಂದರೆ ಅಂಕಿತವು ಒಡೆತನವನ್ನು ಸಾರುವುದಿಲ್ಲ. ಹಾಡು ಎಲ್ಲಿಂದ ಬಂತು, ಯಾವ ಋಣಾನುಬಂಧದಲ್ಲಿ ಹುಟ್ಟಿತು ಎಂಬುದನ್ನು ಹೇಳುತ್ತದೆ. ಮಡಿವಾಳಪ್ಪನವರ ಪದವನ್ನು ಯಾವ ಭಜನಾ ಮಂಡಳಿಯಾದರೂ ಹಾಡಬಹುದು, ಧಾಟಿ ಬದಲಿಸಬಹುದು, ಒಂದು ನುಡಿಯನ್ನು ಬಿಡಬಹುದು. ಆದರೆ ಅಂಕಿತವನ್ನು ಬಿಟ್ಟರೆ ಹಾಡು ಮುಗಿದಂತಾಗುವುದಿಲ್ಲ. ಹಾಡುವ ಸ್ವಾತಂತ್ರ್ಯ ಮತ್ತು ಹೆಸರನ್ನು ಉಳಿಸುವ ಹೊಣೆ, ಇವೆರಡೂ ಒಂದೇ ಪರಂಪರೆಯೊಳಗೆ ವಿರೋಧವಿಲ್ಲದೆ ಬಾಳಿವೆ.

ಅಂಕಿತಕ್ಕೆ ಸಮಾಜ ಕೊಡುವ ಬೆಲೆ ಎಷ್ಟೆಂಬುದಕ್ಕೆ ಈಚಿನ ನಿದರ್ಶನವೂ ಉಂಟು. ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಪ್ರಕಟಿಸಿದ ‘ವಚನದೀಪ್ತಿ’ಯನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಅಲ್ಲಿ ನಿರ್ಣಾಯಕವಾದದ್ದು ಕರ್ತೃತ್ವದ ಕಾನೂನಲ್ಲ, ಧಾರ್ಮಿಕ ಭಾವನೆಯ ಪ್ರಶ್ನೆ ಎಂಬುದನ್ನು ಮರೆಯಬಾರದು. ಆದರೂ ಒಂದು ಅಂಕಿತದ ಬದಲಾವಣೆ ಎರಡು ದಶಕಗಳ ವ್ಯಾಜ್ಯವಾದ ನಾಡಿನಲ್ಲಿ ಹಾಡುಗಾರ್ತಿಯೊಬ್ಬಳ ಹೆಸರು ಅವಳದೇ ದನಿಯಿಂದ ಕಳಚಿಹೋಗುವುದು ಚರ್ಚೆಯ ವಿಷಯವೇ ಆಗುವುದಿಲ್ಲವೆಂಬುದು ವಿಚಾರಾರ್ಹ.

3

ಪಾಠಾಂತರದ ವಾದವನ್ನು ಇಲ್ಲಿ ನೇರವಾಗಿ ಎದುರಿಸಬೇಕಾಗುತ್ತದೆ. ಜನಪದ ಹಾಡು ಬದಲಾಗುತ್ತದೆ, ಬದಲಾಗಲೇಬೇಕು ಎಂಬುದರಲ್ಲಿ ಸಂದೇಹವಿಲ್ಲ. ಬೀಸುವ ಪದ ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಹೋಗುವಾಗ ಸಾಲುಗಳು ಕೂಡುತ್ತವೆ, ಕಳೆಯುತ್ತವೆ. ಆದರೆ ಆ ಬದಲಾವಣೆ ನಡೆಯುವುದು ಕಂಠದಿಂದ ಕಂಠಕ್ಕೆ. ಎರಡನೆಯವಳು ಹಾಡುವಾಗ ಮೊದಲನೆಯವಳ ಹಾಡನ್ನು ಪಡೆಯುತ್ತಾಳೆಯೇ ಹೊರತು ಅವಳ ದನಿಯನ್ನಲ್ಲ. ಪ್ರತಿಯೊಂದು ಪಾಠಾಂತರಕ್ಕೂ ಅದನ್ನು ಹೊತ್ತ ಒಂದು ಉಸಿರಿದೆ. ತಪ್ಪಿದರೆ ತಿದ್ದುವ, ಒಪ್ಪಿದರೆ ತಲೆದೂಗುವ ಕೇಳುಗರು ಎದುರಿನಲ್ಲೇ ಇದ್ದಾರೆ. ಯಾರಿಂದ ಕಲಿತೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಧ್ವನಿಮುದ್ರಿಕೆಯನ್ನು ಕತ್ತರಿಸಿ ಜೋಡಿಸುವುದು ಇದಕ್ಕಿಂತ ಮೂಲತಃ ಭಿನ್ನವಾದ ಕ್ರಿಯೆ. ಅಲ್ಲಿ ಹೊಸ ಕಂಠ ಬರುವುದಿಲ್ಲ. ಹಾಡಿದವಳ ಕಂಠವೇ ಹಾಗೆಯೇ ಉಳಿದು, ಅವಳು ಮಾಡದ ಬದಲಾವಣೆ ಅವಳ ದನಿಯ ಮೇಲೆ ನಡೆಯುತ್ತದೆ. ಸಾವಿನ ಮನೆಯ ಹಾಡಿಗೆ ಕುಣಿತದ ತಾಳ ಕೂಡಿಸಿದಾಗ, ದೀರ್ಘ ಕಥನದ ನಡುವಿನ ಅರ್ಧ ನಿಮಿಷವನ್ನು ಹಾಸ್ಯದ ದೃಶ್ಯಕ್ಕೆ ಹಿನ್ನೆಲೆಯಾಗಿಸಿದಾಗ, ಕೇಳುವವನಿಗೆ ಅದು ಗಾಯಕಿಯೇ ಹಾಗೆ ಹಾಡಿದಂತೆ ತೋರುತ್ತದೆ. ಪಾಠಾಂತರದ ತತ್ವ ಹಾಡಿನ ಬದಲಾವಣೆಯನ್ನು ಸಮರ್ಥಿಸಬಲ್ಲುದು. ಮತ್ತೊಬ್ಬರ ಕಂಠದ ಬದಲಾವಣೆಯನ್ನು ಸಮರ್ಥಿಸಲಾರದು. ಪಠ್ಯ ಮತ್ತು ಪ್ರದರ್ಶನಗಳ ನಡುವಿನ ಈ ವ್ಯತ್ಯಾಸವನ್ನು ಜಾನಪದ ಅಧ್ಯಯನವೇ ಗುರುತಿಸಿ ಬೆಳೆಸಿದೆ. ಪ್ರದರ್ಶನಕ್ಕೆ ಪ್ರದರ್ಶಕನಿದ್ದಾನೆ ಎಂಬ ಸರಳ ನಿಗಮನವನ್ನು ಮಾತ್ರ ಅದು ಅನಾಮಧೇಯತೆಯ ಲಕ್ಷಣಕ್ಕೆ ಅನ್ವಯಿಸಲಿಲ್ಲ.

4

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಜಾಗತಿಕ ಜಾನಪದದ ಎರಡು ಪ್ರಕರಣಗಳು ಸಾಕ್ಷಿಯಾಗಿವೆ. ಮೊದಲನೆಯದು ಸಾಲೊಮನ್ ದ್ವೀಪಗಳ ಮಲೈಟಾದಲ್ಲಿ ಬೇಗು ಸಮುದಾಯದ ಅಫುನಕ್ವಾ ಎಂಬ ಮಹಿಳೆ ಹಾಡಿದ ‘ರೋರೊಗ್ವೆಲಾ’ ಎಂಬ ಜೋಗುಳ. ತಬ್ಬಲಿಯಾದ ಕಿರಿಯ ಕೂಸನ್ನು ಒಡಹುಟ್ಟು ಸಂತೈಸುವ ಈ ಹಾಡನ್ನು ಸಂಗೀತ ಮಾನವಶಾಸ್ತ್ರಜ್ಞ ಹ್ಯೂಗೊ ಜೆಂಪ್ 1969-70ರ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡರು; ಯುನೆಸ್ಕೋ ಮಾಲಿಕೆಯ ಮುದ್ರಿಕೆಯಾಗಿ 1973ರಲ್ಲಿ ಅದು ಪ್ರಕಟವಾಯಿತು. 1992ರಲ್ಲಿ ‘ಡೀಪ್ ಫಾರೆಸ್ಟ್’ ಎಂಬ ಫ್ರೆಂಚ್ ಸಂಗೀತ ಜೋಡಿ ಅದೇ ದನಿಗೆ ಯಂತ್ರವಾದ್ಯಗಳನ್ನು ಕೂಡಿಸಿ ‘ಸ್ವೀಟ್ ಲಲಬೈ’ ಎಂಬ ಹೆಸರಿನಲ್ಲಿ ಹೊರತಂದಿತು. ಅದು ದೇಶದೇಶಗಳಲ್ಲಿ ಜನಪ್ರಿಯವಾಯಿತು, ಜಾಹೀರಾತುಗಳಿಗೂ ಬಳಕೆಯಾಯಿತು. ಗೀತಸಂಪುಟ ಆಫ್ರಿಕದ ಪಿಗ್ಮಿ ಸಮುದಾಯಗಳ ಹೆಸರಿನಲ್ಲಿ ಪ್ರಚಾರಗೊಂಡಿದ್ದರಿಂದ ಶಾಂತಸಾಗರದ ಹಾಡು ಆಫ್ರಿಕದ ಹಾಡೆಂದು ಜನ ತಿಳಿದರು. ನಾರ್ವೆಯ ವಾದಕ ಯಾನ್ ಗರ್ಬರೆಕ್ 1996ರಲ್ಲಿ ಅದೇ ಧಾಟಿಯನ್ನು ‘ಪಿಗ್ಮಿ ಲಲಬೈ’ ಎಂಬ ಶೀರ್ಷಿಕೆಯಲ್ಲಿ ನುಡಿಸಿದರು. ಹೆಸರು ಹೋದಲ್ಲಿ ಊರೂ ಹೋಯಿತು, ಊರು ಹೋದಲ್ಲಿ ಖಂಡವೇ ಬದಲಾಯಿತು.

ಜೆಂಪ್ ಅವರು 1996ರಲ್ಲಿ ಈ ಕುರಿತು ಆಕ್ಷೇಪಿಸಿ ಬರೆದರು. ಸ್ಟೀವನ್ ಫೆಲ್ಡ್ 2000ದಲ್ಲಿ ಇಡೀ ಪ್ರಕರಣವನ್ನು ವಿಶ್ಲೇಷಿಸಿದರು. ಅಷ್ಟಾದರೂ ದನಿ ತನ್ನ ಪಯಣ ನಿಲ್ಲಿಸಲಿಲ್ಲ. 2006ರಲ್ಲಿ ಮ್ಯಾಟ್ ಹಾರ್ಡಿಂಗ್ ಎಂಬ ಅಮೆರಿಕದ ಪ್ರವಾಸಿ ತಾನು ಹಲವು ದೇಶಗಳಲ್ಲಿ ಕುಣಿದ ದೃಶ್ಯಗಳಿಗೆ ‘ಸ್ವೀಟ್ ಲಲಬೈ’ಯನ್ನು ಅಳವಡಿಸಿ ಅಂತರ್ಜಾಲದಲ್ಲಿ ಹಂಚಿದಾಗ ಅದು ಮತ್ತೆ ಅಪಾರ ಸಂಖ್ಯೆಯ ಕೇಳುಗರನ್ನು ತಲಪಿತು. ಮುಂದೆ ಹಾಡಿನ ಮೂಲ ತಿಳಿದು ಹಾರ್ಡಿಂಗ್ ಅಫುನಕ್ವಾಳನ್ನು ಅರಸಿ ಸಾಲೊಮನ್ ದ್ವೀಪಗಳಿಗೆ ಹೋದ. ಆಕೆ 1998ರಲ್ಲಿಯೇ ತೀರಿಕೊಂಡಿದ್ದಳು.

ಎರಡನೆಯ ಪ್ರಕರಣ ತೈವಾನಿನ ಅಮಿಸ್ ಬುಡಕಟ್ಟಿನ ದಿಫಾಂಗ್ ಮತ್ತು ಇಗಾಯ್ ದಂಪತಿಗಳದು. 1988ರಲ್ಲಿ ಪ್ಯಾರಿಸ್ಸಿನಲ್ಲಿ ಮುದ್ರಿತವಾದ ಅವರ ಗಾಯನವನ್ನು ‘ಎನಿಗ್ಮಾ’ ಸಂಗೀತ ಯೋಜನೆ ‘ರಿಟರ್ನ್ ಟು ಇನ್ನೊಸೆನ್ಸ್’ ಎಂಬ ಗೀತೆಯಲ್ಲಿ ಅವರ ಹೆಸರಿಲ್ಲದೆ ಬಳಸಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಪ್ರಚಾರದಲ್ಲಿಯೂ ಅದು ಕೇಳಿಬಂದಿತು. ದಂಪತಿಗಳು 1998ರಲ್ಲಿ ದಾವೆ ಹೂಡಿದರು. 1999ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಗಿ ಅವರಿಗೆ ಮನ್ನಣೆ ದೊರೆಯಿತು. ಜೀವಿತಕಾಲದಲ್ಲಿಯೇ ತಮ್ಮ ದನಿಯನ್ನು ಗುರುತಿಸಿ ತಮ್ಮದೆಂದು ಹೇಳುವ ಅವಕಾಶ ಇವರಿಗೆ ದೊರೆಯಿತು, ಅಫುನಕ್ವಾಳಿಗೆ ದೊರೆಯಲಿಲ್ಲ. ಆದರೂ ಎರಡು ಪ್ರಕರಣಗಳಿಗೆ ಸಾಮಾನ್ಯವಾದ ಒಂದು ಅಂಶವಿದೆ. ಹಾಡಿದವರು ಯಾರೆಂದು ದಾಖಲೆಯಾಗಿತ್ತು. ಜೆಂಪ್ ಅಂದು ಆ ಹೆಸರನ್ನು ಬರೆದಿಡದೆ ‘ಮಲೈಟಾದ ಒಂದು ಜೋಗುಳ’ ಎಂದಷ್ಟೇ ನಮೂದಿಸಿದ್ದರೆ, ಹುಡುಕಿ ಹೋಗಲು ಯಾವ ಹೆಸರೂ ಉಳಿಯುತ್ತಿರಲಿಲ್ಲ.

5

ಭಾರತದ ಕಾನೂನು ಈ ವಿಷಯದಲ್ಲಿ ಸಾಮಾನ್ಯ ತಿಳಿವಳಿಕೆಗಿಂತ ಮುಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಪ್ರಕರಣ ಕರ್ತೃವಿಗೆ ಹೆಸರಿನ ಹಕ್ಕನ್ನೂ ಕೃತಿಯ ವಿರೂಪವನ್ನು ತಡೆಯುವ ಹಕ್ಕನ್ನೂ ಕೊಟ್ಟಿದೆ. 1994ರ ತಿದ್ದುಪಡಿ ಪ್ರದರ್ಶಕನ ಹಕ್ಕನ್ನು ಸೇರಿಸಿತು. ಪ್ರದರ್ಶಕನೆಂದರೆ ಯಾರೆಂದು ಹೇಳುವಾಗ ಕಾಯಿದೆ ನಟ, ಗಾಯಕ, ನರ್ತಕರೊಡನೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಹೆಸರಿಸಿದೆ. 2012ರ ತಿದ್ದುಪಡಿಯಿಂದ ಬಂದ 38ಬಿ ಪ್ರಕರಣದಂತೆ, ಬಳಕೆಯ ರೀತಿಯೇ ಹೆಸರನ್ನು ಬಿಡುವಂತೆ ಮಾಡುವ ಸಂದರ್ಭಗಳ ಹೊರತು, ತನ್ನ ಪ್ರದರ್ಶನದೊಂದಿಗೆ ಗುರುತಿಸಲ್ಪಡುವ ಹಕ್ಕು ಪ್ರದರ್ಶಕನಿಗಿದೆ. ಕೀರ್ತಿಗೆ ಕುಂದುಂಟುಮಾಡುವ ವಿರೂಪವನ್ನು ತಡೆಯುವ ಹಕ್ಕೂ ಇದೆ. ಹಾಡಿಗೆ ಕರ್ತೃವಿಲ್ಲದಿದ್ದರೂ ಹಾಡಿಕೆಗೆ ಹಾಡಿದವರಿದ್ದಾರೆ ಎಂಬ ತತ್ವ ಇಲ್ಲಿ ಸ್ಪಷ್ಟವಾಗಿದೆ. ಯುನೆಸ್ಕೋ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಗಳು 1982ರಲ್ಲಿ ರೂಪಿಸಿದ ಮಾದರಿ ನಿಯಮಗಳೂ ಜಾನಪದ ಅಭಿವ್ಯಕ್ತಿಯನ್ನು ಬಳಸುವಾಗ ಅದರ ಸಮುದಾಯವನ್ನೋ ಸ್ಥಳವನ್ನೋ ನಮೂದಿಸಬೇಕೆಂದು ವಿಧಿಸಿವೆ. ನಮ್ಮ ಲಾವಣಿಯ ಕೊನೆಯ ನುಡಿ ಮಾಡುತ್ತಿದ್ದ ಕೆಲಸವೂ ಇದೇ.

ಹಕ್ಕು ಇದ್ದರೂ ಅದನ್ನು ಚಲಾಯಿಸುವ ದಾರಿ ಕಿರಿದು. ಯೂಟ್ಯೂಬ್ 2007ರಿಂದ ನಡೆಸುತ್ತಿರುವ ‘ಕಂಟೆಂಟ್ ಐಡಿ’ ವ್ಯವಸ್ಥೆ, ನೋಂದಾಯಿತ ಮಾದರಿಯೊಡನೆ ಹೊಸ ಧ್ವನಿಯನ್ನು ಹೋಲಿಸಿ, ಹೊಂದಿಕೆ ಕಂಡಲ್ಲಿ ಹಕ್ಕುದಾರನಿಗೆ ತಡೆಯುವ ಅಥವಾ ಆದಾಯ ಪಡೆಯುವ ಅವಕಾಶ ನೀಡುತ್ತದೆ. ಆದರೆ ಗಣನೀಯ ಪ್ರಮಾಣದ ಸಾಮಗ್ರಿಯ ಮೇಲೆ ಅನನ್ಯ ಹಕ್ಕುಳ್ಳವರು ಮಾತ್ರ ಅದಕ್ಕೆ ಅರ್ಹರು. ನಾಲ್ಕು ಹಾಡುಗಳ ಹಾಡುಗಾರ್ತಿ ಅದರ ಬಾಗಿಲಿನೊಳಗೆ ಬರಲಾರಳು. ಅವಳ ಹಾಡಿಗೆ ವಾದ್ಯ ಕೂಡಿಸಿದ ಸಂಸ್ಥೆ ಬರಬಲ್ಲುದು. ಇನ್ನು ಮೊಬೈಲಿನಿಂದ ಮೊಬೈಲಿಗೆ ದಾಟುವ ತುಣುಕುಗಳಲ್ಲಿ ಕಡತದ ಹೆಸರು ಬದಲಾಗುತ್ತದೆ, ಶೀರ್ಷಿಕೆ ಮೂಲದಲ್ಲಿಯೇ ಉಳಿದುಬಿಡುತ್ತದೆ. ಧ್ವನಿಯೊಂದೇ ಮುಂದೆ ಸಾಗುತ್ತದೆ. ಹಂಚುವವನಲ್ಲಿ ದುರುದ್ದೇಶವಿಲ್ಲದಿದ್ದರೂ ಹೆಸರು ಕಳಚಿಕೊಳ್ಳುತ್ತದೆ.

6

ಹೀಗಿರುವಾಗ, ಹೆಸರು ಹೇಳಬೇಕೆಂಬ ಸದುದ್ದೇಶವುಳ್ಳವನಿಗೂ ಆ ಹೆಸರು ಎಲ್ಲಿ ಸಿಗಬೇಕು ಎಂಬ ಪ್ರಶ್ನೆ ವಿದ್ವತ್ ಲೋಕದತ್ತಲೇ ತಿರುಗುತ್ತದೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಮೈಲಿಗಲ್ಲು. ಅದರ ಶೀರ್ಷಿಕೆಯಲ್ಲಿರುವ ಗರತಿ ಒಬ್ಬ ಹೆಣ್ಣಲ್ಲ, ಒಂದು ಆದರ್ಶ. ಆ ಕಾಲದ ಉದ್ದೇಶಕ್ಕೆ ಅದು ಸಲ್ಲುವಂಥದೇ ಆಗಿತ್ತು. ಆದರೆ ಮುಂದಿನ ದಶಕಗಳ ಅನೇಕ ಸಂಕಲನಗಳಲ್ಲಿಯೂ ಸಂಗ್ರಾಹಕರ ಹೆಸರು ಮುಖಪುಟಕ್ಕೆ ಬಂದರೆ ಹಾಡಿದವರ ಹೆಸರು ಅನುಬಂಧದ ವಕ್ತೃಗಳ ಪಟ್ಟಿಗೆ ಸರಿಯಿತು. ಯಾವ ಹಾಡು ಯಾರದೆಂಬುದು ಆ ಪಟ್ಟಿಯಿಂದ ತಿಳಿಯದು. ಗ್ರಂಥಾಲಯದ ಸೂಚಿಯೂ ಸಂಗ್ರಾಹಕರ ಹೆಸರನ್ನೇ ಕರ್ತೃವಿನ ಸ್ಥಾನದಲ್ಲಿಡುತ್ತದೆ. ಅಂತರ್ಜಾಲ ಅಳಿಸುವ ಮೊದಲೇ ಹೆಸರು ಅಳಿಸಿಹೋಗಿರುವುದು ಇಲ್ಲಿ.

ಇದಕ್ಕೆ ಬೇರೆ ದಾರಿಯೂ ಇದೆಯೆಂಬುದನ್ನು ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಕಾರ್ಯ ತೋರಿಸಿದೆ. ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಆನೆಲಿ ಹೊಂಕೊ ಅವರೊಂದಿಗೆ ಸಿದ್ಧಪಡಿಸಿ 1998ರಲ್ಲಿ ಪ್ರಕಟವಾದ 15,683 ಸಾಲುಗಳ ತುಳು ಮಹಾಕಾವ್ಯದ ಶೀರ್ಷಿಕೆಯಲ್ಲಿಯೇ ಅದು ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವೆಂದು ನಮೂದಾಗಿದೆ. ಸಿರಿ ಕಾವ್ಯ ಒಂದು ಸಮುದಾಯದ ಸ್ವತ್ತು. ಈ ಪಠ್ಯ ಗೋಪಾಲ ನಾಯ್ಕರದು. ಅವರ ಹೆಸರು ಬಂದುದರಿಂದ ಮತ್ತೊಬ್ಬರು ಸಿರಿಯನ್ನು ಹಾಡುವ ಸ್ವಾತಂತ್ರ್ಯಕ್ಕೆ ಚ್ಯುತಿ ಬಂದಿಲ್ಲ. ಹೆಸರು ಕೊಟ್ಟರೆ ಒಡೆತನದ ಬೇಲಿ ಹಾಕಿದಂತಾಗುತ್ತದೆ ಎಂಬ ಆತಂಕಕ್ಕೆ ಇದೇ ಸಮಾಧಾನ.

ಹೆಸರನ್ನು ಬಯಸದ ಹಾಡುಗಾರರೂ ಇರುತ್ತಾರೆ. ಆಚರಣೆಯ ಹೊರಗೆ ಕೇಳಿಸಬಾರದ ಹಾಡುಗಳೂ ಇವೆ. ಆದ್ದರಿಂದ ಧ್ವನಿಮುದ್ರಣಕ್ಕೆ ದೊರೆತ ಒಪ್ಪಿಗೆಯನ್ನು ಅಂತರ್ಜಾಲ ಪ್ರಸರಣಕ್ಕೆ ಕೊಟ್ಟ ಒಪ್ಪಿಗೆಯೆಂದು ಭಾವಿಸಲಾಗದು. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಹೆಸರು ಬೇಡವೆಂದು ತಾನೇ ಹೇಳುವುದಕ್ಕೂ ತನ್ನನ್ನು ಹೆಸರಿಲ್ಲದವಳಾಗಿ ಮಾಡುವುದಕ್ಕೂ ಬಹಳ ಅಂತರವಿದೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ತಮ್ಮಲ್ಲಿರುವ ಹಳೆಯ ಧ್ವನಿಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ನೋಡಿ ಹಾಡು ಹಾಡಿಗೂ ಗಾಯಕರ ಹೆಸರು, ಊರು, ದಿನಾಂಕಗಳನ್ನು ಕೂಡಿಸಬೇಕು. ಅವನ್ನು ಧ್ವನಿಯ ಆರಂಭದಲ್ಲಿ ಮಾತಿನಲ್ಲಿಯೇ ಹೇಳಿಸಿಡಬೇಕು. ಕಡತದ ಹೆಸರು ಬದಲಾದರೂ ಆ ಮಾತು ದನಿಯೊಡನೆ ಸಾಗುತ್ತದೆ. ಅದನ್ನು ತೆಗೆಯಬೇಕೆನ್ನುವವನು ತಿಳಿದೇ ಕತ್ತರಿಸಬೇಕಾಗುತ್ತದೆ. ಗ್ರಂಥಾಲಯಗಳು ಸಂಗ್ರಾಹಕರ ಜೊತೆಗೆ ಗಾಯಕರ ಹೆಸರಿನಲ್ಲಿಯೂ ಸೂಚಿಯನ್ನು ರಚಿಸಬೇಕು. ಮೊದಲ ಹಂತವಾಗಿ, ಈಗಾಗಲೇ ಪ್ರಕಟವಾಗಿರುವ ಸಂಕಲನಗಳ ವಕ್ತೃಪಟ್ಟಿಗಳನ್ನು ಒಟ್ಟುಗೂಡಿಸಿ ಒಂದು ಗಾಯಕಸೂಚಿಯನ್ನು ಸಿದ್ಧಪಡಿಸುವುದು ಯಾವ ಸಂಸ್ಥೆಗೂ ಅಸಾಧ್ಯವಾದ ಕೆಲಸವಲ್ಲ. ಆ ಪಟ್ಟಿಗಳಲ್ಲಿರುವ ವೃದ್ಧ ಹಾಡುಗಾರರನ್ನು ಕೇಳಿ ಯಾವ ಹಾಡು ಯಾರದೆಂದು ಖಚಿತಪಡಿಸಿಕೊಳ್ಳಲು ಉಳಿದಿರುವ ಕಾಲ ಮಾತ್ರ ಹೆಚ್ಚಿಲ್ಲ.