ಶಾಲೆಗೆ ಬರುವ ದಂತ ತಪಾಸಣೆ ಮತ್ತು ಕೊಪ್ಪಳ ಸೀಮೆಯ ನೀರು

ಮಕ್ಕಳ ಹಲ್ಲು ಹುಳುಕಾಗುವ ಮೊದಲೇ ವೈದ್ಯರು ಶಾಲೆಗೆ ಬಂದು ಅದನ್ನು ಕಾಪಾಡುವುದು ಸಂಚಾರಿ ದಂತ ಆರೈಕೆಯ ಉದ್ದೇಶ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಅದು ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ಕೊಡಬೇಕು. ಅದು ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ಇನ್ನೊಂದು, ದಂತ ವೈದ್ಯಕೀಯ ಕಾಲೇಜುಗಳ ಸಂಚಾರಿ ಬಸ್ಸು. ಕುರ್ಚಿ, ದೀಪ, ಉಪಕರಣಗಳೆಲ್ಲ ಅದರೊಳಗೇ ಇರುತ್ತವೆ.

ಕೊಪ್ಪಳ ಜಿಲ್ಲೆಯ ಇಟಗಿಯಂಥ ಊರಿನಲ್ಲಿ ನಿಂತು ನೋಡಿದರೆ ಈ ವ್ಯವಸ್ಥೆಯ ಕೊರತೆ ಎದ್ದು ಕಾಣುತ್ತದೆ. ಬಾಲ ಸ್ವಾಸ್ಥ್ಯ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ದಂತವೈದ್ಯರಿಗೆ ಅದರಲ್ಲಿ ಜಾಗವಿಲ್ಲ. ಬಾಯಿ ತೆರೆಸಿ ಹುಳುಕು ಕಂಡರೆ ಚೀಟಿ ಬರೆದು ಕೊಡುವಲ್ಲಿಗೆ ಹಲ್ಲಿನ ಮಟ್ಟಿಗೆ ತಂಡದ ಕೆಲಸ ಮುಗಿಯುತ್ತದೆ. ಆ ಚೀಟಿ ಹಿಡಿದು ಯಲಬುರ್ಗಾಕ್ಕೋ ಕೊಪ್ಪಳಕ್ಕೋ ಹೋಗಬೇಕೆಂದರೆ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ನೋವಿಲ್ಲದ ಹಲ್ಲಿಗಾಗಿ ಅಷ್ಟು ಕಳೆದುಕೊಳ್ಳಲು ಯಾವ ಬಡ ಕುಟುಂಬವೂ ಮುಂದಾಗದು. ನೋವು ಬಂದ ಮೇಲೆ ಹೋದರೆ ಹಲ್ಲು ಕೀಳಿಸುವುದೇ ಬಾಕಿ.

ಶಾಲೆಯಲ್ಲೇ ಮಾಡಿ ಮುಗಿಸಬಹುದಾದ ಕೆಲಸ ಸಾಕಷ್ಟಿದೆ. ಆರನೆಯ ವಯಸ್ಸಿನ ಹೊತ್ತಿಗೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಾಲುಹಲ್ಲೂ ಬೀಳದೆ ಹಿಂದಿನ ಖಾಲಿ ಜಾಗದಲ್ಲಿ ಅದು ಮೂಡುವುದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ಬಗೆದು ಅಲಕ್ಷಿಸುತ್ತಾರೆ. ಅದರ ಮೇಲಿನ ಸಣ್ಣ ಗೀರುಗಳಲ್ಲಿ ತಿನಿಸು ಕೂತು ಹುಳುಕು ಶುರುವಾಗುತ್ತದೆ. ಗೀರುಗಳನ್ನು ಸೀಲಂಟ್ ಲೇಪದಿಂದ ಮುಚ್ಚಲು ಡ್ರಿಲ್ ಬೇಡ, ಚುಚ್ಚುಮದ್ದೂ ಬೇಡ. ಆಗಲೇ ಹುಳುಕಾದ ಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರವ ಸವರಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ಸವರಿದ ಜಾಗ ಕಪ್ಪಾಗುತ್ತದೆಂಬುದನ್ನು ಪಾಲಕರಿಗೆ ಮೊದಲೇ ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕೊಪ್ಪಳ ಸೀಮೆಯಲ್ಲಿ ಮಾತ್ರ ಹಲ್ಲಿನ ವಿಚಾರ ನೀರಿನ ವಿಚಾರವೂ ಹೌದು. ಗಂಗಾವತಿಗೆ ತುಂಗಭದ್ರೆಯ ಕಾಲುವೆ ಇದೆ. ಒಣಭೂಮಿಯ ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳು ಬಹುಕಾಲ ಕೊಳವೆಬಾವಿಯನ್ನೇ ನಂಬಿದವು. ಆಳದ ಬಂಡೆಗಳಿಂದ ಆ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸರಿ. ಬೇರೆ ನೀರಿಲ್ಲದಿದ್ದರೆ ಗರಿಷ್ಠ 1.5. ಸುಮಾರು ಎಂಟು ವರ್ಷದವರೆಗೆ, ಎನಾಮಲ್ ರೂಪುಗೊಳ್ಳುವ ಕಾಲದಲ್ಲಿ, ಇದಕ್ಕಿಂತ ಹೆಚ್ಚು ಫ್ಲೋರೈಡ್ ಒಳಹೋದರೆ ಹಲ್ಲು ಬಿಳಿ ಮಚ್ಚೆಗಳೊಡನೆ ಹುಟ್ಟುತ್ತದೆ, ಕೆಲವೊಮ್ಮೆ ಹುಟ್ಟಿದ ಮೇಲೆ ಕಂದಾಗುತ್ತದೆ. ಎಷ್ಟು ಉಜ್ಜಿದರೂ ಆ ಕಂದು ಹೋಗದು. ಹಲ್ಲುಜ್ಜುವುದಿಲ್ಲವೆಂದು ಇಂಥ ಮಗುವನ್ನು ತರಗತಿಯಲ್ಲಿ ಬೈಯುವುದು ಅನ್ಯಾಯ, ಮತ್ತು ಅದನ್ನು ಶಿಕ್ಷಕರಿಗೆ ತಿಳಿಸುವುದೂ ದಂತ ಆರೈಕೆಯ ಭಾಗವೇ. ಇಂಥ ಹಲ್ಲಿಗೆ ಹುಳುಕು ತಗಲುವುದಿಲ್ಲವೆಂದು ನಂಬುವುದೂ ತಪ್ಪು.

ಹಾಗಾಗಿ ಬೇರೆಡೆ ಒಪ್ಪಿತವಾದ ಕ್ರಮವನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ. ಹುಳುಕು ತಡೆಯಲು ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಲೇಪವನ್ನು ವರ್ಷಕ್ಕೆ ಎರಡು ಬಾರಿ ಹಚ್ಚುವುದು ವಾಡಿಕೆ. ಪ್ರಮಾಣ ಕಡಿಮೆಯಿರುವುದರಿಂದ ಅದರಿಂದಲೇ ಹಲ್ಲು ಕಂದಾಗುವ ಭಯ ಅಲ್ಪ. ಆದರೂ ಊರಿನ ನೀರಿನ ಪರೀಕ್ಷಾ ವರದಿ ನೋಡದೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಉಪಚಾರ ನಿಗದಿ ಮಾಡಬಾರದು. ಇಲ್ಲಿ ಮೊದಲ ಸ್ಥಾನ ಸೀಲಂಟಿಗೆ ಸಲ್ಲಬೇಕು. ಚಿಕ್ಕ ಮಕ್ಕಳು ಪೇಸ್ಟನ್ನು ಕಡಲೆಕಾಳಿಗಿಂತ ಹೆಚ್ಚು ಬಳಸದೆ, ನುಂಗದೆ ಉಗುಳುವುದನ್ನು ಶಾಲೆಯಲ್ಲೇ ರೂಢಿಸಬೇಕು. ಬಿಸಿಯೂಟಕ್ಕೂ ಕುಡಿಯಲಿಕ್ಕೂ ಶುದ್ಧೀಕರಣ ಘಟಕದ ಇಲ್ಲವೇ ನದಿಮೂಲದ ನೀರು ಸಿಗಬೇಕು.

ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ರೂಪಿಸಿತು. ಅದು ಬೇಕಾದದ್ದೇ. ಅಷ್ಟೇ ಶ್ರದ್ಧೆ ಆರು ಮತ್ತು ಹನ್ನೆರಡರ ವಯಸ್ಸಿನ, ಹೊಸ ದವಡೆ ಹಲ್ಲು ಮೂಡುವ ಮಕ್ಕಳಿಗೂ ಸಿಗಬೇಕು. ದಂತವೈದ್ಯರಿಲ್ಲದ ತಂಡದ ವಾರ್ಷಿಕ ಭೇಟಿ ಹುಳುಕನ್ನು ಎಣಿಸೀತು, ತಡೆಯಲಾರದು. ಬಾಲ ಸ್ವಾಸ್ಥ್ಯ ತಂಡದ ಜೊತೆ ಸೀಲಂಟ್ ಹಚ್ಚಬಲ್ಲ ಒಬ್ಬ ದಂತವೈದ್ಯರನ್ನು ವರ್ಷಕ್ಕೆ ಎರಡು ಬಾರಿ ಇಟಗಿಯಂಥ ಊರುಗಳ ಶಾಲೆಗೆ ಕಳುಹಿಸುವ ಹೊಣೆಯನ್ನು ಆರೋಗ್ಯ ಇಲಾಖೆ ಹೊರಬೇಕು.